ಕ್ಯಾಪುಲೆಟ್ ಮಹಾಶಯನನ್ನು ತರಗತಿಯಿಂದ ಹೊರಗಿಡಬೇಡಿ

2023ರ ಆಗಸ್ಟ್‌ನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ, ಫ್ಲಾರಿಡಾ ರಾಜ್ಯದ ಹಿಲ್ಸ್‌ಬರೋ ಕೌಂಟಿಯ ಶಾಲಾ ಆಡಳಿತವು ಒಂದು ನಿರ್ಧಾರವನ್ನು ಪ್ರಕಟಿಸಿತು. ಟ್ಯಾಂಪಾ ನಗರವನ್ನು ಒಳಗೊಂಡ ಆ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇನ್ನು ಮುಂದೆ ಷೇಕ್ಸ್‌ಪಿಯರನ ನಾಟಕಗಳನ್ನು ಇಡಿಯಾಗಿ ಓದಿಸುವುದಿಲ್ಲ, ಆಯ್ದ ಭಾಗಗಳನ್ನಷ್ಟೇ ಓದಿಸಲಾಗುವುದು ಎಂಬುದು ಆ ನಿರ್ಧಾರ. ಅದೇ ವರ್ಷ ಜಾರಿಗೆ ಬಂದ ರಾಜ್ಯದ ಕಾನೂನಿನ ಪ್ರಕಾರ, ಲೈಂಗಿಕ ವಿಷಯವಿದೆಯೆಂದು ಯಾರಾದರೂ ಆಕ್ಷೇಪಿಸಿದ ಪುಸ್ತಕವನ್ನು ಐದು ಶಾಲಾ ದಿನಗಳೊಳಗೆ ಕಪಾಟಿನಿಂದ ತೆಗೆಯಬೇಕಿತ್ತು. ವಿಚಾರಣೆ ಮುಗಿಯುವವರೆಗೂ ಅದು ಮಕ್ಕಳ ಕೈಗೆ ಸಿಗುವಂತಿರಲಿಲ್ಲ. 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ದಾದಿಯ ಪೋಲಿ ಮಾತುಗಳೂ ಮರ್ಕ್ಯೂಶಿಯೋನ ಅಶ್ಲೀಲ ಶ್ಲೇಷೆಗಳೂ ಈ ಬಲೆಗೆ ಬೀಳುವುದರಲ್ಲಿ ಅನುಮಾನವೇನೂ ಇರಲಿಲ್ಲ. ಸುದ್ದಿ ದೇಶದಾದ್ಯಂತ ನಗೆಪಾಟಲಾದ ಮೇಲೆ ರಾಜ್ಯದ ಶಿಕ್ಷಣ ಇಲಾಖೆಯು, ಷೇಕ್ಸ್‌ಪಿಯರನನ್ನು ಕೈಬಿಡಬೇಕೆಂದು ತಾನು ಹೇಳಿಯೇ ಇಲ್ಲವೆಂದು ಸ್ಪಷ್ಟನೆ ಕೊಟ್ಟಿತು. ಹೆದರಿಕೆಯಿಂದ ನಡೆಯುವ ಕಾನೂನುಗಳ ಕಾರ್ಯವಿಧಾನವೇ ಇದು. ಬರೆದವರು ಕೈ ತೊಳೆದುಕೊಳ್ಳುತ್ತಾರೆ. ಕತ್ತರಿ ಹಿಡಿಯುವ ಪಾಪ ಸಂಬಳ ನಂಬಿ ಬದುಕುವ ಮೇಷ್ಟರ ಪಾಲಿಗೆ ಬರುತ್ತದೆ.

ಇಂಥ ಸುದ್ದಿಗಳನ್ನು ಅನಿವಾಸಿ ಪ್ರಗತಿಪರರು ಓದುವ ರೀತಿಯೊಂದಿದೆ. ಇದು ಬೈಬಲ್ ಪಟ್ಟಿಯ ಬಿಳಿಯರ ಒಳಜಗಳ, ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದವರಿಗೆ ಇದರಲ್ಲಿ ಪ್ರೇಕ್ಷಕರ ಪಾತ್ರವಷ್ಟೇ ಎಂದು ಭಾವಿಸಿ, ಒಂದು ವ್ಯಂಗ್ಯದ ಮಾತಿನೊಂದಿಗೆ ಸುದ್ದಿಯನ್ನು ಮುಂದಕ್ಕೆ ಕಳಿಸಿ ಸುಮ್ಮನಾಗುವುದು. ಆದರೆ 2025ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯ ಪ್ರಕರಣದಲ್ಲಿ, ಧಾರ್ಮಿಕ ನಂಬಿಕೆಗೆ ಒಗ್ಗದ ಪಾಠದಿಂದ ಮಕ್ಕಳನ್ನು ಹೊರಗಿಡುವ ಅವಕಾಶವನ್ನು ತಂದೆತಾಯಿಗೆ ಕೊಡಬೇಕೆಂದು ಹೇಳಿದಾಗ, ಮೊಕದ್ದಮೆ ಹೂಡಿದವರಲ್ಲಿ ಕ್ರೈಸ್ತರ ಜೊತೆಗೆ ಮುಸ್ಲಿಂ ಕುಟುಂಬಗಳೂ ಇದ್ದವು. 'ಪೋಷಕರ ಹಕ್ಕು' ಎಂಬ ಘೋಷಣೆ ಬಿಳಿಯರ ಗುತ್ತಿಗೆಯಲ್ಲ. ಅದು ವಲಸಿಗ ಮನೆಗಳ ಬಾಗಿಲಿಗೂ ಬಂದಿದೆ, ಮತ್ತು ಅಲ್ಲಿ ಅದಕ್ಕೆ ಮಣೆ ಹಾಕಿ ಕೂರಿಸಿದವರು ಕಡಿಮೆಯೇನಿಲ್ಲ. ಮಗಳು ಒಂಬತ್ತನೆಯ ತರಗತಿಗೆ ಬಂದಳು, ಹದಿನಾಲ್ಕರ ವಯಸ್ಸಿನಲ್ಲಿ ಅವಳಿಗೆ ಪ್ರೇಮ, ಓಡಿಹೋಗುವುದು, ಆತ್ಮಹತ್ಯೆ ಇವೆಲ್ಲ ಏಕೆ, ಇದರ ಬದಲು ಇನ್ನೇನಾದರೂ ಓದಿಸಬಾರದೇ ಎಂದು ಕೇಳುವ ತಂದೆ ಉಳಿದೆಲ್ಲ ವಿಷಯಗಳಲ್ಲಿ ಉದಾರವಾದಿಯೇ ಆಗಿರುತ್ತಾನೆ. ಡೆಮಾಕ್ರಟ್ ಪಕ್ಷಕ್ಕೆ ಮತ ಹಾಕಿರುತ್ತಾನೆ, 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯನ್ನು ಖಂಡಿಸಿ ಬರೆದವರ ಸಾಲಿನಲ್ಲೂ ನಿಂತಿರುತ್ತಾನೆ. ಬೆಂಗಳೂರಿನ ಕತ್ತರಿ ಅವನಿಗೆ ಕಾಣುತ್ತದೆ. ತನ್ನ ಕೈಯಲ್ಲಿರುವುದು ಕಾಣುವುದಿಲ್ಲ.

ಆ ನಾಟಕದಲ್ಲಿ ನಿಜವಾಗಿ ಏನಿದೆ ಎಂಬುದನ್ನು ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ. ಅದು ಹದಿಹರೆಯದ ಹುಡುಗ ಹುಡುಗಿಯ ಆತುರದ ಕಥೆ, ಹಿರಿಯರ ಮಾತು ಮೀರಿದರೆ ಏನಾಗುತ್ತದೆ ಎಂಬುದರ ದೃಷ್ಟಾಂತ ಎಂದು ನಂಬಿದವರು ಎರಡೂ ಕಡೆ ಇದ್ದಾರೆ. ನಾಟಕವನ್ನು ನಿಷೇಧಿಸಬೇಕೆನ್ನುವವರೂ ಹಾಗೆ ನಂಬುತ್ತಾರೆ. ಅದನ್ನು ಪಾಠ ಮಾಡುವ ಎಷ್ಟೋ ಅಧ್ಯಾಪಕರೂ ಹಾಗೆಯೇ ಕಲಿಸುತ್ತಾರೆ. ಕೊನೆಗೆ ಹಲಗೆಯ ಮೇಲೆ ಬರೆಯುವ ಪ್ರಶ್ನೆ ಒಂದೇ: ಅವರು ತುಸು ತಾಳ್ಮೆ ವಹಿಸಿದ್ದರೆ? ತಮಾಷೆಯೆಂದರೆ ಈ ನೀತಿಪಾಠ ಷೇಕ್ಸ್‌ಪಿಯರನದಲ್ಲ. ಅವನು ಕಥೆಯನ್ನು ಎತ್ತಿಕೊಂಡದ್ದು ಆರ್ಥರ್ ಬ್ರೂಕ್ ಎಂಬವನು 1562ರಲ್ಲಿ ಪ್ರಕಟಿಸಿದ ದೀರ್ಘ ಕಥನಕವನದಿಂದ. ಬ್ರೂಕ್ ತನ್ನ ಓದುಗರಿಗೆ ಬರೆದ ಮುನ್ನುಡಿಯಲ್ಲಿ, ತಂದೆತಾಯಿಯರ ಅಧಿಕಾರವನ್ನೂ ಹಿತವಚನವನ್ನೂ ಕಡೆಗಣಿಸಿ, ಕಾಮಕ್ಕೆ ಸಿಕ್ಕಿ ಹಾಳಾದ ಪ್ರೇಮಿಗಳ ಕಥೆ ಇದು ಎಂದು ಸಾರಿದ್ದ. ಸುಮಾರು ಮೂರು ದಶಕಗಳ ನಂತರ ಷೇಕ್ಸ್‌ಪಿಯರ್ ಆ ಮುನ್ನುಡಿಯನ್ನು ಬಿಸಾಡಿದ. ಬ್ರೂಕ್‌ನಲ್ಲಿ ಜೂಲಿಯೆಟ್‌ಗೆ ಹತ್ತಿರ ಹತ್ತಿರ ಹದಿನಾರು; ಷೇಕ್ಸ್‌ಪಿಯರ್ ಅದನ್ನು ಹದಿನಾಲ್ಕೂ ತುಂಬದ ವಯಸ್ಸಿಗೆ ಇಳಿಸಿದ. ಅಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಐದಾರು ದಿನಗಳಿಗೆ ಬಿಗಿದ. ಮಗುವನ್ನು ಇನ್ನೂ ಮಗುವಾಗಿಸಿದಷ್ಟೂ ಹೊಣೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇಂದಿನ ಶಾಲೆಗಳು ಷೇಕ್ಸ್‌ಪಿಯರನ ಹೆಸರಿನಲ್ಲಿ ಕಲಿಸುತ್ತಿರುವುದು ಬ್ರೂಕ್‌ನ ಮುನ್ನುಡಿಯನ್ನು.

ನಾಟಕದ ಕೇಂದ್ರದಲ್ಲಿರುವವನು ರೋಮಿಯೋ ಅಲ್ಲ, ಜೂಲಿಯೆಟ್‌ಳ ತಂದೆ. ಈ ಮಾತು ಅತಿರೇಕವೆನ್ನಿಸಿದರೆ ಅವನ ಮಾತುಗಳನ್ನಷ್ಟೇ ಸಾಲಾಗಿ ಓದಿಕೊಂಡು ಹೋಗಬಹುದು. ಮೊದಲನೆಯ ಅಂಕದಲ್ಲಿ ಪ್ಯಾರಿಸ್ ಎಂಬ ಶ್ರೀಮಂತ ಹೆಣ್ಣು ಕೇಳಲು ಬಂದಾಗ ಕ್ಯಾಪುಲೆಟ್ ಆಡುವ ಮಾತು ಯಾವ ಆಧುನಿಕ ತಂದೆಯೂ ಮೆಚ್ಚುವಂಥದು. ಮಗಳು ಇನ್ನೂ ಚಿಕ್ಕವಳು, ಎರಡು ಬೇಸಿಗೆ ಕಳೆಯಲಿ, ಮೊದಲು ಅವಳ ಮನಸ್ಸು ಗೆಲ್ಲು, ಅವಳ ಒಪ್ಪಿಗೆಯಿಲ್ಲದೆ ತನ್ನದೇನೂ ನಡೆಯದು ಎನ್ನುತ್ತಾನೆ. ಅದೇ ರಾತ್ರಿ ಔತಣದಲ್ಲಿ ಶತ್ರುವಿನ ಮಗ ವೇಷ ಮರೆಸಿ ಬಂದಿರುವುದು ತಿಳಿದು ಟಿಬಾಲ್ಟ್ ಕತ್ತಿಗೆ ಕೈಹಾಕಿದರೆ, ಈ ಮುದುಕನೇ ಅವನನ್ನು ಗದರಿಸಿ ಕೂರಿಸುತ್ತಾನೆ; ಊರೆಲ್ಲ ಆ ಹುಡುಗನನ್ನು ಒಳ್ಳೆಯವನೆನ್ನುತ್ತದೆ ಎಂದು ಸಮರ್ಥಿಸುತ್ತಾನೆ. ಇವನು ಖಳನಾಯಕನಲ್ಲ. ಸಭ್ಯ, ಅತಿಥಿ ಸತ್ಕಾರದಲ್ಲಿ ಕೊಡುಗೈ, ನಗೆಮಾತಿನವ, ಪಂಗಡದ ಜಗಳಗಳಿಂದ ದಣಿದವ. ವಾರಾಂತ್ಯದ ಯಾವುದೇ ಕನ್ನಡ ಕೂಟದಲ್ಲಿ ಊಟದ ಸಾಲಿನ ಉಸ್ತುವಾರಿ ಹೊತ್ತು ಎಲ್ಲರನ್ನೂ ಮಾತನಾಡಿಸುವ ಹಿರಿಯರಂಥವನು.

ಮೂರನೆಯ ಅಂಕಕ್ಕೆ ಬರುವಷ್ಟರಲ್ಲಿ ಟಿಬಾಲ್ಟ್ ಸತ್ತಿದ್ದಾನೆ, ಮನೆತನದ ಮಾನ ಬೀದಿಗೆ ಬಂದಿದೆ. ಸೋಮವಾರ ರಾತ್ರಿ, ಮಗಳನ್ನು ಒಂದು ಮಾತೂ ಕೇಳದೆ, ಕ್ಯಾಪುಲೆಟ್ ಪ್ಯಾರಿಸ್‌ಗೆ ಮಾತು ಕೊಡುತ್ತಾನೆ. ಬುಧವಾರ ತೀರಾ ಹತ್ತಿರವಾಯಿತು, ಗುರುವಾರ ಇರಲಿ ಎನ್ನುತ್ತಾನೆ. ಮರುದಿನ ಬೆಳಗ್ಗೆ ಅವಳು ಒಲ್ಲೆನೆಂದಾಗ ಆ ಸಭ್ಯನ ಬಾಯಿಂದ ಹೊರಡುವ ಮಾತುಗಳನ್ನು ಇಂಗ್ಲಿಷ್ ರಂಗಭೂಮಿ ಇಂದಿಗೂ ಮೃದುಗೊಳಿಸಲಾಗದೆ ಒದ್ದಾಡುತ್ತದೆ. ಚರ್ಚಿಗೆ ನಡೆದು ಬರದಿದ್ದರೆ ಅಪರಾಧಿಗಳನ್ನು ವಧಾಸ್ಥಾನಕ್ಕೆ ಒಯ್ಯುವ ತಟ್ಟಿಗೆ ಕಟ್ಟಿ ಎಳೆಸುತ್ತೇನೆ ಎನ್ನುತ್ತಾನೆ. ಹೊಡೆಯಲು ಬೆರಳು ತುರಿಸುತ್ತಿವೆ ಎನ್ನುತ್ತಾನೆ. ಬೀದಿಯಲ್ಲಿ ಭಿಕ್ಷೆಬೇಡಿ ಸತ್ತರೂ ಮಗಳೆಂದು ಒಪ್ಪುವುದಿಲ್ಲ, ಆಸ್ತಿಯ ಒಂದು ಚೂರೂ ಸಿಗದು ಎನ್ನುತ್ತಾನೆ. ತಾಯಿ, ಈ ಮೂರ್ಖೆ ಗೋರಿಯನ್ನೇ ಮದುವೆಯಾಗಲಿ ಎಂದು ಶಪಿಸುತ್ತಾಳೆ. ಎದೆಹಾಲುಣಿಸಿ ಬೆಳೆಸಿದ ದಾದಿ, ಹೇಗೂ ರೋಮಿಯೋ ಗಡಿಪಾರಾದ, ಇವನನ್ನೇ ಕಟ್ಟಿಕೋ ಎಂದು ಬುದ್ಧಿ ಹೇಳುತ್ತಾಳೆ. ಮುಂದೆ ಮಗಳು ಸೋತವಳಂತೆ ನಟಿಸಿ ಕ್ಷಮೆ ಕೇಳಿದಾಗ ಸಂತೋಷ ತಡೆಯಲಾರದ ತಂದೆ ಮದುವೆಯನ್ನು ಒಂದು ದಿನ ಹಿಂದಕ್ಕೆ ತಂದು ಬುಧವಾರಕ್ಕೇ ನಿಲ್ಲಿಸುತ್ತಾನೆ. ಪಾದ್ರಿ ಹಾಕಿದ ಲೆಕ್ಕವೆಲ್ಲ ತಪ್ಪಾಗತೊಡಗುವುದು ಅಲ್ಲಿಂದಲೇ. ಆತುರದ ನೀತಿಕಥೆ ಹೇಳುವವರು ಈ ಪಂಚಾಂಗವನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು. ಪ್ರೇಮಿಗಳೂ ಆತುರಗಾರರೇ, ಸಂಶಯವಿಲ್ಲ. ಆದರೆ ಸಾಯುವ ಮಟ್ಟಿಗಿನ ಆತುರವನ್ನು ಆ ಮನೆಗೆ ತಂದವರು ಹಿರಿಯರು.

ಮಗಳ ಒಪ್ಪಿಗೆಯೇ ಮುಖ್ಯವೆಂದು ಹೇಳಿದ ತಂದೆಗೂ ಮಗಳನ್ನು ತಟ್ಟಿಗೆ ಕಟ್ಟಿ ಎಳೆಸುತ್ತೇನೆನ್ನುವ ತಂದೆಗೂ ನಡುವೆ ಇರುವುದು ಎರಡು ದಿನಗಳ ಅಂತರ. ಆ ಎರಡು ದಿನಗಳಲ್ಲಿ ಆದದ್ದಿಷ್ಟೇ: ಮಗಳು ಮೊದಲ ಬಾರಿಗೆ ಒಲ್ಲೆನೆಂದಳು. ಉದಾರತೆ ಪರೀಕ್ಷೆಗೆ ಒಳಗಾಗದಿದ್ದ ತನಕ ಉದಾರತೆಯಾಗಿತ್ತು. ಅನಿವಾಸಿ ಮನೆಗಳಲ್ಲಿ ಹದಿನಾಲ್ಕರ ಮಗಳು ಓದಬಾರದೆಂದು ಹೆದರುವುದು ಪ್ರೇಮದೃಶ್ಯಕ್ಕೆ ಎಂದು ಹೇಳಲಾಗುತ್ತದೆ. ಆ ಮಗಳ ಫೋನಿನಲ್ಲಿ ಇರುವುದನ್ನು ಬಲ್ಲ ಯಾರೂ ಈ ವಾದವನ್ನು ನಂಬಲಾರರು. ಹೆದರಿಕೆ ಇರುವುದು ಮೂರನೆಯ ಅಂಕದ ಐದನೆಯ ದೃಶ್ಯಕ್ಕೆ. ಅಪ್ಪನ ಮಾತಿನ ಧಾಟಿಯನ್ನು ಮಗಳು ಅಲ್ಲಿ ಗುರುತಿಸಿಬಿಟ್ಟರೆ?

ಆಯ್ದ ಭಾಗಗಳ ಹಾನಿ ಇರುವುದೂ ಇಲ್ಲಿಯೇ. ನಾಟಕವನ್ನು ತುಂಡರಿಸುವವರು ಯಾವ ತುಂಡುಗಳನ್ನು ಉಳಿಸಿಕೊಳ್ಳುತ್ತಾರೆಂಬುದು ಊಹೆಗೆ ಬಿಟ್ಟ ವಿಷಯವಲ್ಲ. ಎಲ್ಲರಿಗೂ ಬಾಯಿಪಾಠವಾದ ಎರಡು ಸ್ಥಳಗಳಿವೆ, ಮಹಡಿಯ ಮೊಗಸಾಲೆ ಮತ್ತು ಗೋರಿ. ಇವೆರಡನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಸಿಗುವುದು ಬೆಳದಿಂಗಳಿನಲ್ಲಿ ಹುಟ್ಟಿ ಸಾವಿನಲ್ಲಿ ಪೂರ್ಣವಾಗುವ ಪ್ರೇಮದ ಸುಂದರ ಚಿತ್ರ. ನಡುವೆ ಇದ್ದದ್ದೆಲ್ಲ ಬಿದ್ದುಹೋಗುತ್ತದೆ. ತಂದೆಯ ಬೆದರಿಕೆ ಬಿದ್ದುಹೋಗುತ್ತದೆ. ಪಿಡುಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಲ್ಪಟ್ಟು ಪತ್ರ ತಲುಪಿಸಲಾಗದ ಪಾದ್ರಿ ಜಾನ್ ಬಿದ್ದುಹೋಗುತ್ತಾನೆ. 2020ರಲ್ಲಿ ತಿಂಗಳುಗಟ್ಟಲೆ ಮನೆಯೊಳಗೆ ಕುಳಿತು ಓದಿದ ತಲೆಮಾರಿಗೆ ಇವನಿಗಿಂತ ಪರಿಚಿತ ಪಾತ್ರ ಇನ್ನೊಂದಿಲ್ಲ. ಮಾಂಟುವಾದ ಆ ಹರಕಲು ಬಟ್ಟೆಯ ಔಷಧಿ ಮಾರುವವ ಬಿದ್ದುಹೋಗುತ್ತಾನೆ. ವಿಷ ಮಾರಿದರೆ ಮರಣದಂಡನೆ ಎಂಬ ಕಾನೂನು ಅವನಿಗೆ ಗೊತ್ತು, ಆದರೂ ಮಾರುತ್ತಾನೆ, ಏಕೆಂದರೆ ಹಸಿದಿದ್ದಾನೆ. ಮಾರಿದ್ದಕ್ಕೆ ಒಪ್ಪಿದ್ದು ತನ್ನ ಮನಸ್ಸಲ್ಲ, ಬಡತನ ಎಂಬ ಅರ್ಥದ ಮಾತಾಡುತ್ತಾನೆ. ವಿಷಕ್ಕಿಂತ ತಾನು ಕೊಟ್ಟ ಚಿನ್ನವೇ ಲೋಕದಲ್ಲಿ ಹೆಚ್ಚು ಕೊಲೆ ಮಾಡುತ್ತದೆ ಎಂದು ರೋಮಿಯೋ ಅವನಿಗೆ ಹೇಳುವುದು ಆಗ. ಇಡೀ ನಾಟಕದಲ್ಲಿ ವರ್ಗದ ಕುರಿತು ಇದಕ್ಕಿಂತ ತೀಕ್ಷ್ಣವಾದ ಕ್ಷಣ ಇಲ್ಲ, ಮತ್ತು ಇದು ಯಾವ ಆಯ್ಕೆಯಲ್ಲೂ ಸುಲಭವಾಗಿ ಉಳಿಯುವಂಥದಲ್ಲ.

ಆತ್ಮಹತ್ಯೆಯ ಕಾರಣಕ್ಕೆ ಅಂಜುವವರ ಮಾತನ್ನು ಹಾಸ್ಯ ಮಾಡಿ ತಳ್ಳಿಹಾಕುವಂತಿಲ್ಲ. ಹದಿಹರೆಯದ ಮನಸ್ಸಿನ ಕತ್ತಲನ್ನು ಬಲ್ಲ ಅಧ್ಯಾಪಕರು ಈ ನಾಟಕವನ್ನು ಎಚ್ಚರದಿಂದಲೇ ಕಲಿಸುತ್ತಾರೆ, ಮೊದಲೇ ತಿಳಿಸುತ್ತಾರೆ, ಕಲಿಸಿದ ಮೇಲೆ ಮಕ್ಕಳ ಮುಖ ನೋಡುತ್ತಾರೆ. ಅದು ಕಸುಬಿನ ಜವಾಬ್ದಾರಿ. ಆದರೆ ಸಾವನ್ನು ಆಕರ್ಷಕವಾಗಿಸುವುದು ತುಂಡರಿಸಿದ ನಾಟಕವೇ ಹೊರತು ಇಡೀ ನಾಟಕವಲ್ಲ. ಇಡಿಯಾಗಿ ಓದಿದಾಗ ಕಾಣುವುದು ಒಂದು ಮಗು ಒಬ್ಬರಾದ ಮೇಲೆ ಒಬ್ಬರಂತೆ ಹಿರಿಯರ ಬಾಗಿಲು ತಟ್ಟುವುದು: ತಂದೆ, ತಾಯಿ, ದಾದಿ. ನಾಲ್ಕನೆಯವನಾದ ಪಾದ್ರಿ ಬಾಗಿಲು ತೆರೆಯುತ್ತಾನೆ, ಆದರೆ ಉಪಾಯದ ಬದಲು ಮದ್ದು ಕೊಡುತ್ತಾನೆ. ಕೊನೆಗೆ ಗೋರಿಯೊಳಗೆ ಕಾವಲುಗಾರರ ಸದ್ದು ಕೇಳಿ, ಎಚ್ಚೆತ್ತ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು ಓಡಿಹೋಗುತ್ತಾನೆ. ತರಗತಿಯಲ್ಲಿ ಎಣಿಸಬೇಕಾದದ್ದು ಇದನ್ನು. ಎಷ್ಟು ಜನ ದೊಡ್ಡವರು ಅವಳ ಮಾತು ಕೇಳಿಸಿಕೊಳ್ಳಬಹುದಿತ್ತು? ಇಂಥ ಪ್ರಶ್ನೆಯನ್ನು ಹದಿನಾಲ್ಕರ ಮಕ್ಕಳು ತಮ್ಮತಮ್ಮಲ್ಲಿ ಚರ್ಚಿಸುವುದರಿಂದ ಅಪಾಯವಿರುವುದು ಮಕ್ಕಳಿಗಲ್ಲ.

ಕೊನೆಯನ್ನು ತಿದ್ದುವ ಚಟ ಹೊಸದಲ್ಲ, ಪಶ್ಚಿಮದ್ದು ಮಾತ್ರವೂ ಅಲ್ಲ. ನೇಹಮ್ ಟೇಟ್ 1681ರಲ್ಲಿ 'ಕಿಂಗ್ ಲಿಯರ್' ನಾಟಕಕ್ಕೆ ಸುಖಾಂತ್ಯ ಹೊಲಿದ. ಒಂದೂವರೆ ಶತಮಾನ ಲಂಡನ್ನಿನ ರಂಗದ ಮೇಲೆ ಆ ಹೊಲಿಗೆಯೇ ಮೆರೆಯಿತು. 1807ರಲ್ಲಿ ಬೌಡ್ಲರ್ ಕುಟುಂಬ ಮನೆಮಂದಿ ಕೂತು ಓದಲು ತಕ್ಕ ಷೇಕ್ಸ್‌ಪಿಯರನನ್ನು ತಯಾರಿಸಿತು. ಕನ್ನಡಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಮಿಯೋ ಜೂಲಿಯೆಟ್ 'ರಾಮವರ್ಮ ಲೀಲಾವತಿ'ಯಾಗಿ ಬಂದಾಗ ಪ್ರೇಮಿಗಳು ಕೊನೆಗೆ ಬದುಕಿ ಎದ್ದರು. ಮಂಗಳಾಂತ್ಯವಿಲ್ಲದೆ ಆಟ ಮುಗಿಸುವುದು ಅಂದಿನ ರುಚಿಗೆ ಒಗ್ಗುತ್ತಿರಲಿಲ್ಲ. ದುರಂತ, ರುದ್ರನಾಟಕ, ಗಂಭೀರ ನಾಟಕ ಎಂದು ಕನ್ನಡವು ಈ ಪ್ರಕಾರಕ್ಕೆ ಹೆಸರು ಹುಡುಕುತ್ತ, ಬಿಎಂಶ್ರೀಯವರ 'ಅಶ್ವತ್ಥಾಮನ್'ವರೆಗೆ ಬರಲು ಕೆಲವು ದಶಕಗಳೇ ಹಿಡಿದವು. ಆದರೆ ಕೊನೆಯನ್ನು ಬದಲಿಸುವುದೆಲ್ಲ ಒಂದೇ ಅಲ್ಲ ಎಂಬುದನ್ನೂ ಅದೇ ಕನ್ನಡ ತೋರಿಸಿದೆ. ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ರಾಮನ ಬಾಣವನ್ನು ಶಂಬೂಕನಿಂದ ತಿರುಗಿಸಿ, ಅವನ ತಲೆ ಕೇಳಿದ ಬ್ರಾಹ್ಮಣನ ಬೆನ್ನಟ್ಟಿಸಿದರು. ಮೂಲವನ್ನು ಹೀಗೆ ಬದಲಿಸಬಾರದೆಂದು ಮಾಸ್ತಿ ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಒಂದು ತಿದ್ದುಪಡಿ ನೋಡುಗನನ್ನು ಸಮಾಧಾನಪಡಿಸಿ ಮನೆಗೆ ಕಳಿಸುತ್ತದೆ. ಇನ್ನೊಂದು, ಹೊಣೆ ಯಾರದೆಂದು ಬೆರಳು ಮಾಡುತ್ತದೆ. ಫ್ಲಾರಿಡಾದ ಕತ್ತರಿ ಯಾವ ಜಾತಿಗೆ ಸೇರಿದ್ದೆಂದು ಹೇಳಬೇಕಾಗಿಲ್ಲ.

ಜಾತಿ ಎಂಬ ಪದ ಬಂದ ಮೇಲೆ ಅದನ್ನು ಮುಚ್ಚಿಡುವುದು ಬೇಡ. ವೆರೋನಾದ ಎರಡು ಮನೆತನಗಳ ಹಗೆಗೆ ಕಾರಣವೇನೆಂದು ನಾಟಕ ಎಲ್ಲಿಯೂ ಹೇಳುವುದಿಲ್ಲ. ಅಮೆರಿಕದ ಅಧ್ಯಾಪಕರು ಇದನ್ನು ವಿವರಿಸಲು 1957ರ 'ವೆಸ್ಟ್ ಸೈಡ್ ಸ್ಟೋರಿ'ಯ ನೆರವಿನಿಂದ ವರ್ಣಭೇದವನ್ನು ತರುತ್ತಾರೆ, ಒಳ್ಳೆಯದೇ. ಆದರೆ ಹುಟ್ಟಿನೊಂದಿಗೆ ಅಂಟಿಬಂದ ಹೆಸರೊಂದು ಯಾರನ್ನು ಪ್ರೀತಿಸಬಹುದು, ಯಾರನ್ನು ಕೂಡದು ಎಂದು ನಿರ್ಧರಿಸುವ ವ್ಯವಸ್ಥೆಯನ್ನು ಕನ್ನಡ ಮನೆಯ ಮಗುವಿಗೆ ಪರಿಚಯಿಸಲು ಮ್ಯಾನ್‌ಹಟನ್‌ಗೆ ಹೋಗಬೇಕಿಲ್ಲ. 2019ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟಿದ್ದ ದಂಪತಿ ಹಬ್ಬಕ್ಕೆಂದು ಮರಳಿ ಬಂದಾಗ, ಹೆಣ್ಣಿನ ಕಡೆಯವರು ಕಲ್ಲಿನಿಂದ ಜಜ್ಜಿ ಕೊಂದರು. ಸತ್ತವನ ಜಾತಿ, ಕೊಂದವರ ಜಾತಿ ಎರಡೂ ಮೇಲ್ಜಾತಿಗಳಲ್ಲ ಎಂಬುದು ಈ ರೋಗ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಹೇಳುತ್ತದೆ. 2018ರಲ್ಲೇ ಭಾರತದ ಸುಪ್ರೀಂ ಕೋರ್ಟು, ಒಪ್ಪಿ ಮದುವೆಯಾಗುವ ಇಬ್ಬರು ವಯಸ್ಕರ ನಡುವೆ ಕುಟುಂಬಕ್ಕಾಗಲಿ ಖಾಪ್ ಪಂಚಾಯಿತಿಗಾಗಲಿ ತಲೆಹಾಕುವ ಅಧಿಕಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿತ್ತು. ಮರ್ಯಾದೆಗೇಡು ಹತ್ಯೆಗಳು ನಿಂತಿಲ್ಲ.

ಅದೆಲ್ಲ ಊರಿನ ಕಥೆ, ಹೊರದೇಶಕ್ಕೆ ಬಂದವರು ಅದನ್ನು ದಾಟಿದ್ದಾರೆ ಎನ್ನುವವರು ತಮ್ಮ ಸಮುದಾಯದ ವಧುವರರ ಜಾಲತಾಣಗಳಲ್ಲಿ ಉಪಜಾತಿ, ಗೋತ್ರಗಳ ಸೋಸುವ ಗುಂಡಿಗಳನ್ನು ಒಮ್ಮೆ ಒತ್ತಿ ನೋಡಬಹುದು. 2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿದಾಗ, ಅದಕ್ಕೆ ಅತ್ಯಂತ ಜೋರಾದ ವಿರೋಧ ಬಂದದ್ದು ಭಾರತ ಮೂಲದ ಕೆಲವು ಸಂಘಟನೆಗಳಿಂದಲೇ. ಅಕ್ಟೋಬರ್‌ನಲ್ಲಿ ರಾಜ್ಯಪಾಲರು ಅದಕ್ಕೆ ಸಹಿ ಹಾಕದೆ ತಿರಸ್ಕರಿಸಿದರು. ಜಾತಿಯೇ ಇಲ್ಲದ ಕಡೆ ಜಾತಿಯ ಮಾತೇಕೆ ಎಂಬ ಆಗಿನ ವಾದಕ್ಕೂ, ಮಕ್ಕಳಿಗೆ ಗೊತ್ತಿಲ್ಲದ ವಿಷಯವನ್ನು ನಾಟಕದ ಮೂಲಕ ಏಕೆ ತಲೆಗೆ ತುಂಬಬೇಕು ಎಂಬ ಈಗಿನ ವಾದಕ್ಕೂ ಒಂದೇ ಬೇರು.

ಪ್ರಗತಿಪರರೊಳಗೇ ಇನ್ನೊಂದು ಗುಂಪಿದೆ. ಷೇಕ್ಸ್‌ಪಿಯರ್ ವಸಾಹತುಶಾಹಿಯ ಸರಕು, ಸತ್ತ ಬಿಳಿಯ ಗಂಡಸರ ಪಠ್ಯಗಳಿಗೆ ಬದಲು ಇಂದಿನ ಕರಿಯ, ಕಂದು ಲೇಖಕಿಯರನ್ನು ಓದಿಸಲಿ ಎಂಬುದು ಅವರ ನಿಲುವು. ಹೊಸ ಲೇಖಕಿಯರನ್ನು ಓದಿಸುವುದಕ್ಕೆ ತಕರಾರಿಲ್ಲ. ಆದರೆ ಒಂದೇ ನಾಟಕವನ್ನು ಎಡಗಡೆಯಿಂದ ಒಬ್ಬರು, ಬಲಗಡೆಯಿಂದ ಒಬ್ಬರು ಎಳೆದು ಹೊರಹಾಕಿದರೆ ಖಾಲಿಯಾಗುವ ಜಾಗದಲ್ಲಿ ಬಂದು ಕೂರುವುದು ಸಾಮಾನ್ಯವಾಗಿ ಪರೀಕ್ಷಾಭ್ಯಾಸದ ಹಾಳೆಗಳು. ಅಲ್ಲದೆ 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿನ ಅರಮನೆಗೆ ತಂದು 'ರಕ್ತಾಕ್ಷಿ'ಯಾಗಿಸಿದ ಭಾಷೆಯವರು ಷೇಕ್ಸ್‌ಪಿಯರನನ್ನು ಇಂಗ್ಲಿಷರಿಗೇ ಬಿಟ್ಟುಕೊಡುವುದು ವಿನಯವೂ ಅಲ್ಲ, ಪ್ರತಿರೋಧವೂ ಅಲ್ಲ. ಇಂಗ್ಲೆಂಡಿನ ಜಿಸಿಎಸ್‌ಇಯಲ್ಲಿ ಒಂದು ನಾಟಕವನ್ನು ಪೂರ್ತಿ ಓದುವುದು ಕಡ್ಡಾಯವೇನೋ ಹೌದು. ಅಲ್ಲಿನ ಅನಿವಾಸಿ ಪೋಷಕರು ಅದಕ್ಕೂ ಟ್ಯೂಷನ್ ಹಚ್ಚಿ ಸಾಲುಗಳನ್ನು ಉರುಹೊಡೆಸುತ್ತಾರೆ. ಒಂಬತ್ತರ ಶ್ರೇಣಿ ಬಂದರಾಯಿತು. ಅದೂ ಒಂದು ಬಗೆಯ ಕತ್ತರಿಯೇ.

ವೆರೋನಾದ ಪಕ್ಕದಲ್ಲಿಟ್ಟು ಓದಬೇಕಾದ ಕಥೆ ಕನ್ನಡದಲ್ಲಿ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಹುಡುಗನ ಹೆಸರು ಶೀಲವಂತ ಎಂಬುದರಲ್ಲಿ ಕಥನಗಳು ಒಮ್ಮತದಲ್ಲಿವೆ. ಹುಡುಗಿಯ ಹೆಸರು ಒಂದರಲ್ಲಿ ಲಾವಣ್ಯ, ಕಾರ್ನಾಡರ 'ತಲೆದಂಡ'ದಲ್ಲಿ ಕಲಾವತಿ. ಹೆಣ್ಣಿನ ಹೆಸರೇ ಜಾರಿಹೋಗುವುದೂ ಒಂದು ಚರಿತ್ರೆ. ಆದರೆ ಈ ಕಥೆಯಲ್ಲಿ ತಂದೆಯಂದಿರು ಕ್ಯಾಪುಲೆಟ್, ಮಾಂಟೆಗ್ಯೂಗಳಲ್ಲ. ಮಕ್ಕಳ ಮದುವೆಯನ್ನು ತಾವೇ ನಿಂತು ಮಾಡಿಸಿದವರು ಅವರು. ಶರಣಸಮೂಹ ಅವರ ಬೆನ್ನಿಗಿತ್ತು. ಅದಕ್ಕಾಗಿ ಬಿಜ್ಜಳನ ಪ್ರಭುತ್ವ ಅವರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿತೆಂದು ಪರಂಪರೆ ಹೇಳುತ್ತದೆ. ವೆರೋನಾದಲ್ಲಿ ತಂದೆ ಮಗಳನ್ನು ಎಳೆಸುತ್ತೇನೆನ್ನುತ್ತಾನೆ. ಕಲ್ಯಾಣದಲ್ಲಿ ಮಗಳ ಪರವಾಗಿ ತಂದೆಯೇ ಎಳೆಸಿಕೊಂಡ. ಹದಿನಾಲ್ಕರ ಮಗುವಿನ ಮುಂದೆ ಈ ಎರಡು ಎಳೆತಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅಧ್ಯಾಪಕರು ಆಮೇಲೆ ಹೆಚ್ಚೇನೂ ಹೇಳಬೇಕಾಗುವುದಿಲ್ಲ.

ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಮೂರೂ ಇದೇ ಕಲ್ಯಾಣದ ಸುತ್ತ ಹುಟ್ಟಿದ ನಾಟಕಗಳು. 'ಮಹಾಚೈತ್ರ' ಪಠ್ಯವಾಗಿದ್ದಾಗ ಅದನ್ನು ತೆಗೆಯಬೇಕೆಂದು ಕರ್ನಾಟಕದಲ್ಲಿ ಎದ್ದ ಗದ್ದಲವನ್ನು ಹಿರಿಯ ಓದುಗರು ಮರೆತಿರಲಾರರು. ಭಾವನೆಗೆ ಧಕ್ಕೆ ಎಂಬ ಮಾತು ಆಗಲೂ ಇತ್ತು. ಇಂದು ವಿದೇಶಗಳಲ್ಲಿ ಬಸವ ಜಯಂತಿ ಅದ್ದೂರಿಯಾಗಿ ನಡೆಯುತ್ತದೆ. 2015ರಿಂದ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪುತ್ಥಳಿಯೂ ಇದೆ. ವಾರಾಂತ್ಯದ ಕನ್ನಡ ಶಾಲೆಗಳಲ್ಲಿ ಮಕ್ಕಳು ವಚನಗಳನ್ನು ಮುದ್ದಾಗಿ ಒಪ್ಪಿಸುತ್ತಾರೆ, ಹೆತ್ತವರು ಮೊಬೈಲಿನಲ್ಲಿ ಹಿಡಿಯುತ್ತಾರೆ. ಆ ವಚನಕಾರರ ಊರು ಹೊತ್ತಿ ಉರಿದದ್ದು ಒಂದು ಮದುವೆಗಾಗಿ ಎಂಬ ಸಂಗತಿ ಮಾತ್ರ ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ. ಆಯ್ದ ಭಾಗಗಳನ್ನಷ್ಟೇ ಓದಿಸುವ ಕಲೆಯಲ್ಲಿ ಹಿಲ್ಸ್‌ಬರೋದ ಅಧಿಕಾರಿಗಳಿಗೆ ಅನಿವಾಸಿ ಕನ್ನಡಿಗರಿಂದ ಕಲಿಯುವುದಿದೆ.

ಹೀಗಿರುವಾಗ ಶಾಲೆಯಿಂದ ಬರುವ ಒಪ್ಪಿಗೆಯ ಹಾಳೆಯನ್ನು ಎದುರಿಗಿಟ್ಟುಕೊಂಡ ಪೋಷಕರು ಮಾಡಬಹುದಾದ ಕೆಲಸ ಸಣ್ಣದು. ಮಗುವನ್ನು ಹೊರಗಿಡುವ ಚೌಕವನ್ನು ಖಾಲಿ ಬಿಟ್ಟು, ಐದೂ ಅಂಕಗಳನ್ನು ಓದಿಸಿ, ಮೂರನೆಯ ಅಂಕದ ಐದನೆಯ ದೃಶ್ಯವನ್ನು ಬಿಡಬೇಡಿ ಎಂದು ಕೆಳಗೆ ಎರಡು ಸಾಲು ಬರೆದು ಕಳಿಸುವುದು. ಮತ್ತು ಮಗಳು ಆ ದೃಶ್ಯ ಓದಿದ ದಿನ ಸಂಜೆ ಊಟದ ಮೇಜಿನಲ್ಲಿ ಏನಾದರೂ ಕೇಳಿದರೆ, ಫೋನು ಕೆಳಗಿಟ್ಟು ಉತ್ತರಿಸುವುದು.